ಬಿಸಿಯಾದ ಮೇಲೆ ನಿಲ್ಲುವ ಎಂಜಿನ್: ಇಂಜೆಕ್ಷನ್ ಬೈಕ್‌ಗಳ ಐಡಲಿಂಗ್ ಕುರಿತ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿದವು. ಕಾರ್ಬುರೇಟರ್ ಇಲ್ಲದ, ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯ ಬೈಕ್ ಆಕ್ಸಿಲರೇಟರ್ ಬಿಟ್ಟಾಗ ಐಡಲಿಂಗ್‌ನಲ್ಲಿ, ಅಂದರೆ ಎಂಜಿನ್ ತಾನಾಗಿ ತಿರುಗುತ್ತಿರಬೇಕಾದ ಕಡಿಮೆ ವೇಗದಲ್ಲಿ, ಉಳಿಯದೆ ಆಫ್ ಆಗುತ್ತದೆ, ಇಲ್ಲವೇ ಇಳಿಯಬೇಕಾದ ವೇಗ ಇಳಿಯುವುದೇ ಇಲ್ಲ. ಮೊದಲ ಪತ್ರಕ್ಕೆ ವಿವರವಾಗಿ ಉತ್ತರಿಸಿದ್ದೇನೆ. ಉಳಿದ ಪತ್ರಗಳನ್ನು ಕಳುಹಿಸಿದವರೂ ಅದನ್ನು ಓದಿಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನ್ನದು 2020ರ ಬಿಎಸ್6 (ಹೊಗೆ ನಿಯಂತ್ರಣ ನಿಯಮ) ಮಾದರಿಯ, ಗಾಳಿಯಿಂದ ತಣಿಯುವ 150 ಸಿಸಿ ಬೈಕ್. 41,000 ಕಿ.ಮೀ. ಓಡಿದೆ. ಬೆಳಿಗ್ಗೆ ಸೆಲ್ಫ್ ಒತ್ತಿದ ಕೂಡಲೇ ಸ್ಟಾರ್ಟ್ ಆಗುತ್ತದೆ, ಐಡಲಿಂಗ್ ಕೂಡ ಸರಿಯಾಗಿರುತ್ತದೆ. ಆದರೆ ಹತ್ತು ಹನ್ನೆರಡು ಕಿ.ಮೀ. ಓಡಿದ ಮೇಲೆ ಕ್ಲಚ್ ಹಿಡಿದು ನಿಲ್ಲಿಸಿದರೆ ಆರ್‌ಪಿಎಂ ಇಳಿಯುತ್ತಾ ಬಂದು ಆಫ್ ಆಗುತ್ತದೆ. ಮತ್ತೆ ಸೆಲ್ಫ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಮೀಟರ್‌ನಲ್ಲಿ ಎಂಜಿನ್ ದೀಪ ಹೊತ್ತಿಲ್ಲ. ಗ್ಯಾರೇಜ್‌ನಲ್ಲಿ ಪ್ಲಗ್, ಏರ್ ಫಿಲ್ಟರ್ ಬದಲಿಸಿ, ಥ್ರಾಟಲ್ ಬಾಡಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ) ತೊಳೆದು, ಅದರ ಪಕ್ಕದ ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸಿಕೊಟ್ಟರು. ಎರಡು ದಿನ ಸರಿಯಿತ್ತು, ಈಗ ಮತ್ತೆ ಅದೇ ಕಥೆ. ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಬಹುದೇ? (ಸಾಗರದ ಓದುಗರು)

ಉತ್ತರ: ದಯವಿಟ್ಟು ಇಸಿಯು ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಒಂದೂ ಇಸಿಯುವಿನತ್ತ ಬೆರಳು ತೋರುವುದಿಲ್ಲ. ಇಸಿಯು ಕೆಟ್ಟರೆ ಸಾಮಾನ್ಯವಾಗಿ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ, ಅಥವಾ ಯಾವ ವೇಗದಲ್ಲಿದ್ದರೂ ಲೆಕ್ಕವಿಲ್ಲದೆ ಕೈಕೊಡುತ್ತದೆ. ನಿಮ್ಮ ಬೈಕ್ ಹಾಗಲ್ಲ. ಅದು ಬಿಸಿಯಾದಾಗ ಮಾತ್ರ, ಐಡಲ್‌ನಲ್ಲಿ ಮಾತ್ರ, ಮೆಲ್ಲಗೆ ಸೋತು ನಿಲ್ಲುತ್ತಿದೆ. ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದೇ ಇಲ್ಲಿ ದೊಡ್ಡ ಸಾಕ್ಷಿ. ಆ ಸಾಕ್ಷಿಯನ್ನು ಕೇಳದೆ ಬಿಡಿಭಾಗ ಬದಲಿಸಲು ಹೊರಟರೆ ಹಣ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಮೊದಲು ಆ ಸ್ಕ್ರೂವಿನ ವಿಚಾರ. 2006ರಲ್ಲಿ ಹೀರೋ ಹೋಂಡಾದ ಗ್ಲಾಮರ್ ಎಫ್‌ಐ ಬಂದಾಗ ಇಂಜೆಕ್ಷನ್ ಬೈಕ್ ನಮ್ಮ ರಸ್ತೆಗಳಲ್ಲಿ ಅಪರೂಪದ ವಸ್ತುವಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಯಾದ ಮೇಲೆ ಅದು ಊರೂರಿನ ಗ್ಯಾರೇಜಿಗೂ ಬಂತು. ಆದರೆ ಕಾರ್ಬುರೇಟರ್ ಕಾಲದಲ್ಲಿ ಕೈಗೆ ಹತ್ತಿದ ಅಭ್ಯಾಸ, ಅಂದರೆ ಐಡಲ್ ಇಳಿದರೆ ಸ್ಕ್ರೂ ತಿರುಗಿಸಿ ಏರಿಸುವುದು, ಇನ್ನೂ ಹೋಗಿಲ್ಲ. ಕಾರ್ಬುರೇಟರ್‌ನಲ್ಲಿ ಆ ಸ್ಕ್ರೂ ಇದ್ದದ್ದೇ ಅದಕ್ಕೆ. ನಿಮ್ಮ ಥ್ರಾಟಲ್ ಬಾಡಿಯ ಪಕ್ಕದಲ್ಲಿರುವುದು ಬಟರ್‌ಫ್ಲೈ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಟ್ಟೆ) ಪೂರ್ತಿ ಮುಚ್ಚಿದಾಗ ಎಲ್ಲಿ ತಂಗಬೇಕು ಎಂದು ಕಾರ್ಖಾನೆಯಲ್ಲಿ ಅಳೆದು, ಬಣ್ಣ ಹಚ್ಚಿ ಭದ್ರಪಡಿಸಿದ ಸ್ಕ್ರೂ. ಬಟರ್‌ಫ್ಲೈ ಆ ಜಾಗದಲ್ಲಿದ್ದಾಗ ಥ್ರಾಟಲ್ ಪೊಸಿಷನ್ ಸೆನ್ಸರ್ ಕೊಡುವ ವೋಲ್ಟೇಜನ್ನು, ಬಹುಪಾಲು ಬೈಕ್‌ಗಳಲ್ಲಿ ಅರ್ಧ ವೋಲ್ಟಿನ ಆಸುಪಾಸು, ಇಸಿಯು ‘ಸವಾರ ಆಕ್ಸಿಲರೇಟರ್ ಬಿಟ್ಟಿದ್ದಾನೆ’ ಎಂದು ಓದುತ್ತದೆ. ಆಗ ಮಾತ್ರ ಅದು ಐಡಲ್ ವೇಗವನ್ನು ಕಾಯುವ ಕೆಲಸಕ್ಕೆ ಇಳಿಯುತ್ತದೆ. ಸ್ಕ್ರೂ ತಿರುಗಿಸಿದಾಗ ಆ ವೋಲ್ಟೇಜ್ ಏರುತ್ತದೆ, ಸವಾರ ಸ್ವಲ್ಪ ರೇಸ್ ಕೊಡುತ್ತಿದ್ದಾನೆ ಎಂದು ಇಸಿಯು ಭಾವಿಸಿ ಐಡಲ್ ಕಾಯುವುದನ್ನೇ ಬಿಟ್ಟುಬಿಡಬಹುದು. ಎರಡು ದಿನ ಸರಿಯಿದ್ದಂತೆ ಕಂಡದ್ದು ದೋಷ ಮುಚ್ಚಿಹೋದದ್ದರಿಂದ, ವಾಸಿಯಾದದ್ದರಿಂದಲ್ಲ. ಹಳೆಯ ಬಣ್ಣದ ಗುರುತು ಉಳಿದಿದ್ದರೆ ಸ್ಕ್ರೂವನ್ನು ಅದೇ ಗುರುತಿಗೆ ಮರಳಿಸಿರಿ. ಗುರುತು ಅಳಿಸಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಇಸಿಯುವಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿಸಿ, ಮುಚ್ಚಿದ ಥ್ರಾಟಲ್‌ನ ವೋಲ್ಟೇಜ್ ನೋಡಿಕೊಂಡೇ ಸರಿಪಡಿಸಬೇಕು. ಕೆಲವು ಮಾದರಿಗಳಲ್ಲಿ ಕಂಪನಿಯೇ ಐಡಲ್ ಹೊಂದಿಸಲು ಬೇರೆ ಸ್ಕ್ರೂ ಕೊಟ್ಟಿರುತ್ತದೆ. ಕೈಪಿಡಿಯಲ್ಲಿ ಅದನ್ನು ತೋರಿಸಿದ್ದರೆ ಮಾತ್ರ ಮುಟ್ಟಬಹುದು.

ಈಗ ಐಡಲ್ ಎಂದರೆ ಎಂಜಿನ್ನಿಗೆ ಎಂತಹ ಪರೀಕ್ಷೆ ಎಂಬುದನ್ನು ನೋಡೋಣ. ನಿಮಿಷಕ್ಕೆ 1,400 ಸುತ್ತು ತಿರುಗುವ ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಸೆಕೆಂಡಿಗೆ ಸುಮಾರು 12 ಬಾರಿ ಮಾತ್ರ ಪೆಟ್ರೋಲ್ ಉರಿಯುತ್ತದೆ. ಒಂದು ಉರಿ ದುರ್ಬಲವಾದರೆ ಪಕ್ಕದ ಸಿಲಿಂಡರ್ ಕೈ ಹಿಡಿಯುವುದಿಲ್ಲ. ಬಟರ್‌ಫ್ಲೈ ಮುಚ್ಚಿರುವಾಗ ಉಸಿರಾಟಕ್ಕೆ ಬೇಕಾದ ಗಾಳಿ ಒಂದು ಸಣ್ಣ ಬೈಪಾಸ್ ದಾರಿಯಿಂದ ಬರುತ್ತದೆ. ಆ ದಾರಿಯನ್ನು ಹಿರಿದು ಕಿರಿದು ಮಾಡಲು ಅನೇಕ ಬೈಕ್‌ಗಳಲ್ಲಿ ಐಡಲ್ ವಾಲ್ವ್ ಎಂಬ ಪುಟ್ಟ ಮೋಟಾರ್ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಇಸಿಯು ಈ ವಾಲ್ವನ್ನು ಹೆಚ್ಚು ತೆರೆದು, ಪೆಟ್ರೋಲನ್ನೂ ಹೆಚ್ಚಿಸಿ, ಆರ್‌ಪಿಎಂ ಅನ್ನು ಎತ್ತರದಲ್ಲಿಡುತ್ತದೆ. ಬಿಸಿಯಾದಂತೆ ಅದನ್ನು ಮೆಲ್ಲಗೆ ಇಳಿಸುತ್ತದೆ. ನಿಮ್ಮ ಬೈಕ್ ಬೆಳಿಗ್ಗೆ ಚೆನ್ನಾಗಿರುವುದು ಇದೇ ಊರುಗೋಲಿನ ಬಲದಿಂದ. ಊರುಗೋಲು ತೆಗೆದ ಮೇಲೆ ಎಂಜಿನ್ನಿನ ನಿಜವಾದ ದೌರ್ಬಲ್ಯ ಹೊರಗೆ ಬರುತ್ತಿದೆ.

ಆ ದೌರ್ಬಲ್ಯ ನನ್ನ ಅಂದಾಜಿನಲ್ಲಿ ಟ್ಯಾಪೆಟ್‌ನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳ ಸಂದಿನ ಹೊಂದಾಣಿಕೆಯಲ್ಲಿದೆ. ಇಷ್ಟು ಓಡಿದ ಬೈಕಿಗೆ ಆಗಿರುವ ಕೆಲಸಗಳ ಪಟ್ಟಿಯಲ್ಲಿ ಎಲ್ಲವೂ ಇದೆ, ಟ್ಯಾಪೆಟ್ ಮಾತ್ರ ಇಲ್ಲ. ವಾಲ್ವ್ ಮತ್ತು ಅದರ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು, ವಾಲ್ವನ್ನು ಒತ್ತಿ ತೆರೆಯುವ ರಾಕರ್ ಮತ್ತು ವಾಲ್ವಿನ ನಡುವೆ ಇರಬೇಕಾದ ಸಂದು ಕಡಿಮೆಯಾಗುತ್ತದೆ. ಸಂದು ಸಡಿಲವಾದರೆ ಟಕ ಟಕ ಸದ್ದು ಬರುವುದರಿಂದ ಎಲ್ಲರಿಗೂ ಗೊತ್ತಾಗುತ್ತದೆ. ಬಿಗಿಯಾದರೆ ಎಂಜಿನ್ ಇನ್ನಷ್ಟು ನಿಶ್ಶಬ್ದವಾಗುತ್ತದೆ, ಆದ್ದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಬಿಸಿಗೆ ಎಕ್ಸಾಸ್ಟ್ (ಹೊಗೆ ಹೊರಹಾಕುವ) ವಾಲ್ವ್ ಉದ್ದವಾದಾಗ ಉಳಿದ ಅಲ್ಪ ಸಂದೂ ಇಲ್ಲವಾಗಿ, ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ. ವೇಗದಲ್ಲಿ ಓಡುವಾಗ ಸೋರಲು ಸಮಯ ಸಾಲದು, ಆದ್ದರಿಂದ ಪಿಕಪ್‌ನಲ್ಲಿ ಅಷ್ಟೇನೂ ಕೊರತೆ ಕಾಣುವುದಿಲ್ಲ. ಐಡಲ್‌ನಲ್ಲಿ ಪ್ರತಿ ಸ್ಟ್ರೋಕಿಗೂ ಬೇಕಾದಷ್ಟು ಸಮಯವಿರುತ್ತದೆ.

ಎಂಜಿನ್ ದೀಪ ಏಕೆ ಹೊತ್ತಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಆ ದೀಪ ಸೆನ್ಸರ್‌ಗಳ ತಂತಿ ತುಂಡಾದರೆ, ವೋಲ್ಟೇಜ್ ಮಿತಿ ಮೀರಿದರೆ ಹೊತ್ತುತ್ತದೆ. ಟ್ಯಾಪೆಟ್ಟಿಗೆ ಸೆನ್ಸರ್ ಇಲ್ಲ, ಬೈಪಾಸ್ ದಾರಿಯ ಮಸಿಗೆ ಸೆನ್ಸರ್ ಇಲ್ಲ, ಗಾಳಿಯ ದಾರಿಯ ಹರಿದ ರಬ್ಬರ್ ಜಾಯಿಂಟಿಗೂ ಇಲ್ಲ. ದೀಪ ಹೊತ್ತಿಲ್ಲವೆಂದರೆ ಎಂಜಿನ್ ಸರಿಯಿದೆ ಎಂದಾಗಲೀ, ಉಳಿದಿರುವುದು ಇಸಿಯು ಒಂದೇ ಎಂದಾಗಲೀ ಅರ್ಥವಲ್ಲ.

ರಾತ್ರಿಯೆಲ್ಲ ನಿಂತು ಪೂರ್ತಿ ತಣಿದ ಎಂಜಿನ್ನಿನ ಮೇಲೆ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರುವಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಎರಡೂ ವಾಲ್ವ್‌ಗಳ ಸಂದನ್ನು ಅಳೆಸಿರಿ. ಸರಿಯಾದ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನ ಮಾತು ಇದಾದ್ದರಿಂದ ಕೈ ಅಂದಾಜಿಗೆ ಬಿಡುವಂಥದ್ದಲ್ಲ. ‘ಕಿವಿಯಿಂದಲೇ ಸೆಟ್ ಮಾಡುತ್ತೇನೆ’ ಎನ್ನುವವರಿಗೆ, ಎಷ್ಟೇ ಅನುಭವಿಗಳಾಗಿರಲಿ, ಈ ಕೆಲಸ ಕೊಡಬೇಡಿ. ಬಿಗಿಯಾದ ವಾಲ್ವ್ ಸದ್ದನ್ನೇ ಮಾಡದಿರುವಾಗ ಕಿವಿಗೆ ಕೇಳುವುದಾದರೂ ಏನು?

ಅಳೆಯುವ ಮೊದಲೇ ಅನುಮಾನ ಖಚಿತಪಡಿಸಿಕೊಳ್ಳಬೇಕಾದರೆ ಸ್ಕ್ಯಾನರ್‌ನಲ್ಲಿ ಎರಡೇ ಅಂಕಿಗಳನ್ನು ಕೇಳಿ ತಿಳಿಯಿರಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಐಡಲ್ ವಾಲ್ವ್ ಎಷ್ಟು ತೆರೆದಿದೆ ಎಂಬುದು ಒಂದು, ಮ್ಯಾಪ್ ಸೆನ್ಸರ್ ತೋರಿಸುವ ಇನ್‌ಟೇಕ್ ಒತ್ತಡ, ಅಂದರೆ ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವಿನ ಗಾಳಿಯ ಒತ್ತಡ, ಇನ್ನೊಂದು. ಐಡಲ್ ವಾಲ್ವ್ ಬಹಳ ತೆರೆದಿದ್ದು ಒತ್ತಡ ಮಾಮೂಲಾಗಿಯೇ ಇದ್ದರೆ ಗಾಳಿಯ ದಾರಿಯಲ್ಲಿ ಮಸಿ ಕಟ್ಟಿದೆ ಎಂದು ತಿಳಿಯಬಹುದು. ವಾಲ್ವ್ ಬಹಳ ತೆರೆದಿದ್ದು ಒತ್ತಡವೂ ಏರಿದ್ದರೆ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದೆ, ಟ್ಯಾಪೆಟ್ ಅಥವಾ ಕಂಪ್ರೆಷನ್ ನೋಡಬೇಕು. ವಾಲ್ವ್ ಪೂರ್ತಿ ಮುಚ್ಚಿಕೊಂಡು ಒತ್ತಡ ಏರಿದ್ದರೆ ಲೆಕ್ಕಕ್ಕೆ ಬಾರದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಏರಿದೆಯೇ ಇಳಿದಿದೆಯೇ ಎಂದು ಹೇಗೆ ಹೇಳುವುದು? ಸರ್ವಿಸ್‌ಗೆ ಬಂದಿರುವ ಅದೇ ಮಾದರಿಯ, ಆರೋಗ್ಯವಾಗಿರುವ ಇನ್ನೊಂದು ಬೈಕಿಗೆ ಅದೇ ಸ್ಕ್ಯಾನರ್ ಹಾಕಿ ಹೋಲಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಎಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಬಿಸಿಗೆ ಕೈಕೊಟ್ಟರೂ ಬೈಕ್ ಆಫ್ ಆಗುತ್ತದೆ. ಆದರೆ ಆಗ ಆರ್‌ಪಿಎಂ ಮೆಲ್ಲಗೆ ಇಳಿಯುವುದಿಲ್ಲ, ಕೀ ತಿರುಗಿಸಿದಂತೆ ಥಟ್ಟನೆ ನಿಲ್ಲುತ್ತದೆ. ಓಡುತ್ತಿರುವಾಗಲೂ ನಿಲ್ಲಬಹುದು, ಎಂಜಿನ್ ತಣಿಯುವವರೆಗೆ ಎಷ್ಟು ಸೆಲ್ಫ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ. ನಿಮ್ಮದು ಕೂಡಲೇ ಸ್ಟಾರ್ಟ್ ಆಗುತ್ತಿರುವುದರಿಂದ ಅದನ್ನು ಸದ್ಯ ಬದಿಗಿಡಬಹುದು.

ಪ್ರಶ್ನೆ: ಆಕ್ಸಿಲರೇಟರ್ ಬಿಟ್ಟರೂ ನನ್ನ ಬೈಕಿನ ಆರ್‌ಪಿಎಂ 2,500ರಲ್ಲೇ ನಿಂತು, ಬಹಳ ಹೊತ್ತಿನ ನಂತರ ಇಳಿಯುತ್ತದೆ. ಕಳೆದ ತಿಂಗಳು ಜನರಲ್ ಸರ್ವಿಸ್ ಮಾಡಿಸಿದ ಮೇಲೆ ಶುರುವಾಯಿತು. ಮ್ಯಾಪ್ ಸೆನ್ಸರ್ ಹಾಳಾಗಿದೆ ಎನ್ನುತ್ತಾರೆ. (ಬೆಂಗಳೂರಿನ ಓದುಗರು)

ಉತ್ತರ: ಸರ್ವಿಸ್ ಆದ ಮೇಲೆ ಶುರುವಾದ ದೋಷದ ಕಾರಣವನ್ನು ಸರ್ವಿಸ್‌ನಲ್ಲಿ ಬಿಚ್ಚಿ ಕಟ್ಟಿದ ಜಾಗದಲ್ಲಿಯೇ ಮೊದಲು ಹುಡುಕಬೇಕು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿರಿ. ಆರ್‌ಪಿಎಂ ಏರಿಳಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ, ಇಲ್ಲವೇ ತಪ್ಪು ದಾರಿಯಲ್ಲಿ ಹಾಯ್ದಿದೆ. ಗ್ರಿಪ್ಪಿನಲ್ಲಿ ಕೆಲವು ಮಿಲಿಮೀಟರ್ ಸಡಿಲ ಇರಲೇಬೇಕು.

ಕೇಬಲ್ ಸರಿಯಿದ್ದರೆ ಥ್ರಾಟಲ್ ಬಾಡಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ರಬ್ಬರ್ ಜಾಯಿಂಟ್, ಅದರ ಕ್ಲಾಂಪ್, ಓ-ರಿಂಗ್ ನೋಡಿರಿ. ಅಲ್ಲಿ ಬಿರುಕಿದ್ದರೆ ಗಾಳಿ ಒಳನುಗ್ಗುತ್ತದೆ. ಕಾರ್ಬುರೇಟರ್ ಬೈಕಿನಲ್ಲಿ ಹೀಗಾದರೆ ಮಿಶ್ರಣ ತೆಳುವಾಗುತ್ತದೆ. ನಿಮ್ಮ ಬೈಕಿನ ಇಸಿಯು ಐಡಲ್‌ನಲ್ಲಿ ಗಾಳಿಯ ಪ್ರಮಾಣವನ್ನು ಮ್ಯಾಪ್ ಸೆನ್ಸರ್‌ನ ಒತ್ತಡದಿಂದ ಲೆಕ್ಕ ಹಾಕುತ್ತದೆ. ನುಗ್ಗಿದ ಗಾಳಿ ಒತ್ತಡವನ್ನು ಏರಿಸುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲನ್ನೂ ಸೇರಿಸುತ್ತದೆ, ಎಂಜಿನ್ ಹೆಚ್ಚು ವೇಗದಲ್ಲಿ ಓಡತೊಡಗುತ್ತದೆ. ಸೆನ್ಸರ್ ತಾನು ಕಂಡದ್ದನ್ನು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿರುತ್ತದೆ, ಆದರೆ ಅಪವಾದ ಅದರ ಮೇಲೆಯೇ ಬರುತ್ತದೆ. ಸೋರಿಕೆ ಹುಡುಕಲು ಸಾಬೂನು ನೀರನ್ನು ಸಣ್ಣಗೆ ಆ ಜಾಯಿಂಟಿನ ಸುತ್ತ ಸಿಂಪಡಿಸಿ, ಆರ್‌ಪಿಎಂ ಕ್ಷಣಕಾಲ ಬದಲಾಗುತ್ತದೆಯೇ ಎಂದು ಗಮನಿಸಿರಿ. ಈ ಕೆಲಸಕ್ಕೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಸ್ಪ್ರೇ ಬಳಸುವವರನ್ನು ಕಂಡಿದ್ದೇನೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್ ಇರುತ್ತದೆ, ಬೆಂಕಿ ಹೊತ್ತಿಕೊಳ್ಳಲು ಒಂದು ಕ್ಷಣ ಸಾಕು. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ.

ಮ್ಯಾಪ್ ಸೆನ್ಸರ್‌ನ ಮೇಲಿನ ಆರೋಪವನ್ನು ಪರೀಕ್ಷಿಸುವುದು ಸುಲಭ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್‌ನಲ್ಲಿ ಒತ್ತಡ ಓದಿಸಿರಿ. ಆಗ ಅದು ನೀವು ನಿಂತಿರುವ ಊರಿನ ವಾಯುಭಾರವನ್ನೇ ತೋರಿಸಬೇಕು. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91 ಕಿಲೋಪ್ಯಾಸ್ಕಲ್ ಸುತ್ತಮುತ್ತ, ಮಂಗಳೂರಿನ ಕಡಲ ತೀರದಲ್ಲಿ 101ರ ಸಮೀಪ, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಸುಮಾರು 80. ಬೆಂಗಳೂರಿನಲ್ಲಿ 91 ತೋರಿಸುವ ಸೆನ್ಸರನ್ನು ಎಂಜಿನ್ ನಿಂತಾಗಿನ ಮಟ್ಟಿಗೆ ನಂಬಬಹುದು. 100 ಅಥವಾ 75 ತೋರಿಸಿದರೆ ಮಾತ್ರ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿಸಬೇಕಾಗುತ್ತದೆ.

ಪ್ರಶ್ನೆ: ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿದ ದಿನವೆಲ್ಲ ಐಡಲಿಂಗ್ ಕೆಡುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ. ಅರ್ಧ ಟ್ಯಾಂಕಿಗೆ ಇಳಿದ ಮೇಲೆ ಸರಿಹೋಗುತ್ತದೆ. ಬಂಕಿನ ಪೆಟ್ರೋಲ್ ಕಲಬೆರಕೆ ಇರಬಹುದೇ? ಮಳೆಗಾಲದಲ್ಲಿ ತೊಂದರೆ ಇನ್ನೂ ಹೆಚ್ಚು. (ಕುಂದಾಪುರದ ಓದುಗರು)

ಉತ್ತರ: ಕಲಬೆರಕೆಯಾಗಿದ್ದರೆ ಟ್ಯಾಂಕ್ ಅರ್ಧವಾದ ಮಾತ್ರಕ್ಕೆ ಗುಣವಾಗುತ್ತಿರಲಿಲ್ಲ, ಅದೇ ಪೆಟ್ರೋಲ್ ಕೊನೆಯ ಹನಿಯವರೆಗೂ ಅದೇ ತೊಂದರೆ ಕೊಡುತ್ತಿತ್ತು. ನಿಮ್ಮ ಬೈಕಿನಲ್ಲಿ ಟ್ಯಾಂಕಿನ ಆವಿ ಹೊರಗೆ ಹೋಗದಂತೆ ಹೀರಿಟ್ಟುಕೊಳ್ಳುವ ಇದ್ದಿಲಿನ ಡಬ್ಬಿಯೊಂದಿದೆ. ಅದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ಎಂಜಿನ್ ಓಡುವಾಗ ಆ ಆವಿಯನ್ನು ಒಂದು ಪೈಪಿನ ಮೂಲಕ ಎಂಜಿನ್ನೇ ಎಳೆದು ಸುಡುತ್ತದೆ. ಟ್ಯಾಂಕಿನ ಬಾಯಿಯ ಅಂಚಿನವರೆಗೆ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಇದ್ದಿಲಿಗೆ ಇಳಿದು, ಐಡಲ್‌ನಲ್ಲಿ ಲೆಕ್ಕ ಮೀರಿದ ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತದೆ. ಬಾಯಿಯ ಒಳಗಿನ ಕೊಳವೆಯ ಕೆಳ ಅಂಚು ಮುಟ್ಟುತ್ತಿದ್ದಂತೆ ಸಾಕು ಎನ್ನಿರಿ. ಬಹುಶಃ ಅಷ್ಟರಿಂದಲೇ ತೊಂದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಇದ್ದಿಲು ಈಗಾಗಲೇ ನೆನೆದು ಕೆಟ್ಟಿರಬಹುದು, ಡಬ್ಬಿಯನ್ನು ಪರೀಕ್ಷಿಸಬೇಕು. ಡಬ್ಬಿಯನ್ನೇ ಕಿತ್ತೆಸೆದು ಪೈಪನ್ನು ತೆರೆದು ಬಿಡುವುದು ಕೆಲವರ ರೂಢಿ. ತೆರೆದ ಆ ಪೈಪೇ ಆಮೇಲೆ ಗಾಳಿ ಸೋರಿಕೆಯಾಗಿ, ಬೆಂಗಳೂರಿನ ಓದುಗರ ಸಮಸ್ಯೆ ನಿಮ್ಮದೂ ಆಗುತ್ತದೆ.

ಮಳೆಗಾಲದ ಮಾತು ಬೇರೆ. ಟ್ಯಾಂಕ್ ಮುಚ್ಚಳದ ಸುತ್ತ ಬಿದ್ದ ನೀರು ಒಂದು ಸಣ್ಣ ಪೈಪಿನಿಂದ ಕೆಳಗೆ ಹರಿದುಹೋಗಬೇಕು. ಮಣ್ಣು ತುಂಬಿ ಆ ಪೈಪ್ ಕಟ್ಟಿದರೆ ನೀರು ಟ್ಯಾಂಕಿನೊಳಗೆ ಇಳಿಯುತ್ತದೆ. ಈಗಿನ ಇ20 ಪೆಟ್ರೋಲಿನಲ್ಲಿರುವ ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಪಂಪು ಹೀರುವುದು ತಳದಿಂದಲೇ. ಗಾಜಿನ ಬಾಟಲಿಯೊಂದರಲ್ಲಿ ಟ್ಯಾಂಕಿನ ತಳದ ಪೆಟ್ರೋಲ್ ತೆಗೆದು ಅಲುಗಿಸದೆ ಒಂದು ಗಂಟೆ ಇಡಿಸಿರಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ ಒಣಗಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಬೆಂಕಿಯಿಂದ ದೂರ, ಬಯಲಲ್ಲಿ ಈ ಕೆಲಸ ನಡೆಯಲಿ.

ಪ್ರಶ್ನೆ: ಬಿಸಿಯಾದ ಮೇಲೆ ಐಡಲ್ ಒರಟಾಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಮೈಲೇಜ್ ಬಿದ್ದಿದೆ, ಹೊಸ ಪ್ಲಗ್ ಹದಿನೈದು ದಿನದಲ್ಲಿ ಕಪ್ಪಾಗುತ್ತದೆ. ಎಂಜಿನ್ ದೀಪ ಆಗಾಗ ಮಿಣುಕುತ್ತದೆ. ಬೈಕ್ ಹೋಂಡಾ. (ಧಾರವಾಡದ ಓದುಗರು)

ಉತ್ತರ: ನಿಮ್ಮ ಬೈಕ್ ತಾನೇ ಮಾತಾಡುತ್ತಿದೆ, ಆ ಮಿಣುಕುಗಳನ್ನು ಎಣಿಸಿರಿ. ಹೋಂಡಾದ ಈ ಪದ್ಧತಿಯಲ್ಲಿ ದೀರ್ಘ ಮಿಣುಕು ಹತ್ತಕ್ಕೆ ಸಮ, ಗಿಡ್ಡ ಮಿಣುಕು ಒಂದಕ್ಕೆ. ಒಂದು ದೀರ್ಘ, ಎರಡು ಗಿಡ್ಡ ಎಂದರೆ 12, ಅದು ಇಂಜೆಕ್ಟರ್. ಎಂಟು ಗಿಡ್ಡ ಎಂದರೆ ಥ್ರಾಟಲ್ ಪೊಸಿಷನ್ ಸೆನ್ಸರ್. 21 ಆದರೆ ಆಕ್ಸಿಜನ್ ಸೆನ್ಸರ್, 29 ಆದರೆ ಐಡಲ್ ವಾಲ್ವ್. ನೀವು ವಿವರಿಸಿದ ಲಕ್ಷಣಗಳಿಗೆ 7 ಬರಬಹುದೆಂದು ನನ್ನ ನಿರೀಕ್ಷೆ. ಅದು ಎಂಜಿನ್ ಉಷ್ಣತೆಯ ಸೆನ್ಸರ್. ಬಿಸಿಯಾದಂತೆ ಇದರ ವಿದ್ಯುತ್ ರೋಧ ಇಳಿಯಬೇಕು. ಸೆನ್ಸರ್ ಕೆಟ್ಟು ಅಥವಾ ಅದರ ಕನೆಕ್ಟರ್‌ಗೆ ಕಿಲುಬು ಹಿಡಿದು ರೋಧ ಇಳಿಯದಿದ್ದರೆ, ಕಾದ ಎಂಜಿನ್ನನ್ನೂ ಇಸಿಯು ತಣ್ಣಗಿದೆ ಎಂದೇ ತಿಳಿದು ಚೋಕ್ ಹಾಕಿದಂತೆ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಕೊಳ್ಳುವ ಮೊದಲು ಕನೆಕ್ಟರ್ ಬಿಚ್ಚಿ, ಒಳಗಿನ ಪಿನ್‌ಗಳು ಹಸಿರುಗಟ್ಟಿವೆಯೇ ಎಂದು ನೋಡಿಸಿರಿ. ಬೈಕನ್ನು ಒತ್ತಡದ ನೀರಿನಿಂದ ತೊಳೆಸುವವರಿಗೆ ಈ ತೊಂದರೆ ಬೇಗ ಬರುತ್ತದೆ. ಎಣಿಸಿದ ಸಂಖ್ಯೆ ಬೇರೆಯಾಗಿದ್ದರೆ ಮತ್ತೆ ಬರೆಯಿರಿ.

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಐಡಲ್ ಏರಿಳಿಯುತ್ತಿದೆ. ಹೊಸ ಬ್ಯಾಟರಿಯೇ ದೋಷವೇ? (ತುಮಕೂರಿನ ಓದುಗರು)

ಉತ್ತರ: ಇರಲಾರದು. ಬ್ಯಾಟರಿ ತೆಗೆದಾಗ ಕೆಲವು ಮಾದರಿಗಳ ಇಸಿಯು ತಾನು ಕಲಿತಿದ್ದ ಐಡಲ್ ಹೊಂದಾಣಿಕೆಯನ್ನು ಮರೆಯುತ್ತದೆ, ಮತ್ತೆ ಕಲಿಯಲು ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ರೇಸ್ ಮಾಡದೆ ಐಡಲ್‌ನಲ್ಲಿ ಬಿಟ್ಟು ನಂತರ ಓಡಿಸಿದರೆ ಅನುಕೂಲ. ವಾರ ಕಳೆದರೂ ಸರಿಯಾಗದಿದ್ದರೆ ಬ್ಯಾಟರಿಯ ಎರಡೂ ಟರ್ಮಿನಲ್‌ಗಳ ಸ್ಕ್ರೂ ಬಿಗಿಯಾಗಿವೆಯೇ, ಚಾಸಿಗೆ ಹೋಗುವ ಅರ್ಥ್ ತಂತಿ ಸ್ವಚ್ಛವಾಗಿದೆಯೇ ಎಂದು ನೋಡಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ವೋಲ್ಟೇಜ್ ಅಳೆಸಿರಿ. ಸ್ವಲ್ಪ ರೇಸ್ ಕೊಟ್ಟಾಗ 14 ವೋಲ್ಟ್ ಆಸುಪಾಸು ಸ್ಥಿರವಾಗಿ ನಿಂತರೆ ಚಾರ್ಜಿಂಗ್ ಸರಿಯಿದೆ. ಏರಿಳಿಯುತ್ತಿದ್ದರೆ ಆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಪರೀಕ್ಷಿಸಬೇಕು.